ಹೆಸರು ಕೂಗಿದ ಪಾಲು

ಹಜ್ ಯಾತ್ರೆ ಮುಗಿಸಿ ಅಲ್ಹಾಜ ಎನಿಸಿಕೊಂಡ ಅತ್ತೆ ಮೊದಿನತ್ ತಮ್ಮ ಫ್ರೀಜರಿನ ಬೀಗದ ಕೈಯನ್ನು ಸೊಸೆ ಸಿಲಿಫಾಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಒಂದೊಂದಾಗಿ ಮಡಿಸಿದ್ದು ಇಲೆಯಾ ಹಬ್ಬಕ್ಕೆ ನಾಲ್ಕು ದಿನ ಮೊದಲು. ಮನೆಮನೆಯಲ್ಲೂ ಟಗರು ಕೊಯ್ಯುವ ಹಬ್ಬ ಅದು. ಇಬಾದಾನ್ ಊರಿನ ಆ ಇಳಿಜಾರಿನ ಓಣಿಯಲ್ಲಿ, ತುಕ್ಕು ಹಿಡಿದ ತಗಡಿನ ಮಾಡುಗಳ ಕೆಳಗೆ, ಅಂಗಳಕ್ಕೊಂದರಂತೆ ಕಟ್ಟಿದ್ದ ಟಗರುಗಳು ಹಗಲೆಲ್ಲ ಒಂದನ್ನೊಂದು ಕೂಗಿ ವಿಚಾರಿಸುತ್ತಿದ್ದವು.

“ಕಣ್ಣಿಗೆ ಪೊರೆ ಬಂತು ಇಯಾವೊ,” ಎಂದರು ಅಲ್ಹಾಜ. “ಕೋಳಿ ಯಾವ್ದು ಮೀನು ಯಾವ್ದು ಅಂತ ಮೂಸಿ ನೋಡೋ ಹಂಗಾಗಿದೆ. ಇನ್ಮೇಲೆ ನೀನೇ ನೋಡ್ಕೊ. ಆದ್ರೆ ಒಂದು ತುಂಡು ಕೆಟ್ಟಿತೋ, ನಿನ್ನನ್ನೇ ಒಳಗೆ ಹಾಕಿ ಮುಚ್ಚಳ ಮುಚ್ತೀನಿ.”

“ಈ ಹೊಟ್ಟೆ ಇಟ್ಕೊಂಡು ನಾನೆಲ್ಲಿ ಹಿಡೀತೀನಿ ಅಲ್ಹಾಜ?”

“ಎರಡು ತುಂಡು ಮಾಡಿದ್ರೆ ಹಿಡೀತೀಯ ಬಿಡು.”

ಇಯಾವೊ ಎಂದರೆ ಮನೆಗೆ ಬಂದ ಮದುವಣಗಿತ್ತಿ. ಸಿಲಿಫಾ ಬಂದು ಏಳು ವರ್ಷವಾಗಿತ್ತು. ಕರೆಯುವುದು ಇನ್ನೂ ಹಾಗೆಯೇ. ಆ ಊರಿನಲ್ಲಿ ಹೆಂಗಸಿಗೆ ಬೇರೆ ಹೆಸರು ಬರಬೇಕಾದರೆ ಮಗು ಬೇಕು. ಮಗುವಿಗೆ ಎಂಟನೆಯ ದಿನ ಹೆಸರಿಟ್ಟ ಮೇಲೆ ತಾಯಿ ಆ ಹೆಸರಿನ ಇಯಾ ಆಗುತ್ತಾಳೆ, ಅಂದರೆ ಅಮ್ಮ. ಅವಳ ಸ್ವಂತ ಹೆಸರು ಹಳೆಯ ಬಟ್ಟೆಯ ಹಾಗೆ ಪೆಟ್ಟಿಗೆಯ ತಳ ಸೇರುತ್ತದೆ. ಸಿಲಿಫಾಳ ಮೊದಲ ಮಗು ಆರನೆಯ ದಿನವೇ ಹೊರಟುಹೋಗಿತ್ತು. ಅದಕ್ಕೂ ಹೆಸರಾಗಲಿಲ್ಲ, ಇವಳಿಗೂ ಆಗಲಿಲ್ಲ. ಈಗ ಮತ್ತೆ ಎಂಟು ತಿಂಗಳು ತುಂಬಿತ್ತು. ಗಂಡ ಗನಿಯು ಲಾರಿ ತೆಗೆದುಕೊಂಡು ಉತ್ತರಕ್ಕೆ ಹೋದವನು, ಹೆರಿಗೆಯ ಹೊತ್ತಿಗೆ ಬಂದೇ ಬರುತ್ತೇನೆಂದು ಹೇಳಿದ್ದ.

ಫ್ರೀಜರು ನಡುಮನೆಯ ಗೋಡೆಗೆ ಒತ್ತಿಕೊಂಡಿದ್ದ, ಆಳವಾದ ಬಿಳಿಯ ಪೆಟ್ಟಿಗೆ. ಬಗ್ಗಿದರೆ ತಲೆ ಭುಜ ಎಲ್ಲ ಒಳಗೆ ಹೋಗುತ್ತಿತ್ತು. ಅದಕ್ಕೆ ಅಲ್ಹಾಜ ಇಟ್ಟಿದ್ದ ಕಟ್ಟಳೆಗಳನ್ನು ಸಿಲಿಫಾ ಬಾಯಿಪಾಠ ಮಾಡಿದ್ದಳು. ಮಕ್ಕಳು ಮರದ ಹಲಗೆಯ ಮೇಲಿನ ದೇವವಾಕ್ಯವನ್ನು ತೂಗಿ ತೂಗಿ ಹೇಳುವಂತೆ ಅಲ್ಹಾಜ ಅವನ್ನು ರಾಗವಾಗಿ ಹೇಳಿಕೊಟ್ಟಿದ್ದರು. ಹಸಿಯದು ತಳಕ್ಕೆ, ಬೆಂದದ್ದು ಮೇಲಕ್ಕೆ. ಹಸಿಯ ರಕ್ತ ಬೆಂದದ್ದರ ಮೇಲೆ ತೊಟ್ಟಿಕ್ಕಬಾರದು. ಬಿಸಿಬಿಸಿ ಸಾರು ಒಳಗಿಡಬಾರದು, ಪಕ್ಕದ್ದನ್ನೂ ಬೆವರಿಸುತ್ತದೆ. ಒಂದು ಚೀಲಕ್ಕೆ ಒಂದು ಸಲ ಒಲೆಗೇರುವಷ್ಟೇ ಮಾಂಸ, ಗಾಳಿಯನ್ನೆಲ್ಲ ಹಿಂಡಿ ಗಂಟು. ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬಾರದು. ಕರೆಂಟು ಹೋದಾಗ ಮುಚ್ಚಳ ಎತ್ತಬಾರದು, ಹೆತ್ತ ತಾಯಿಯೇ ಬಂದು ಬೇಡಿದರೂ. ಹಳೆಯ ಐಸ್‌ಕ್ರೀಮ್ ಡಬ್ಬಿಗಳಲ್ಲಿ ಮೆಣಸಿನ ಗೊಜ್ಜು, ಕಾಗದ ಸುತ್ತಿದ ಮೀನು ಒಂದು ಮೂಲೆಗೆ, ಪ್ರತಿಯೊಂದರ ಮೇಲೂ ಪಟ್ಟಿ, ಪಟ್ಟಿಯ ಮೇಲೆ ಹೆಸರು ಮತ್ತು ದಿನ.

ಹಬ್ಬದ ಭಾನುವಾರ ಟಗರು ಬಿತ್ತು. ಅಲ್ಹಾಜ ಅಂಗಳದ ನಡುವೆ ಮಣೆಯ ಮೇಲೆ ಕೂತರು. ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ದೊಡ್ಡ ತಟ್ಟೆಗಳಲ್ಲಿ ಹರಡಿದ್ದಾಯಿತು. ಆ ಮನೆಯ ಪದ್ಧತಿ ಹೀಗೆ: ಹಿರಿಯಳು ಗುಡ್ಡೆಯ ಮೇಲೆ ಕೈಯಿಟ್ಟು, ಅದು ಯಾರದೋ ಅವರ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಕೂಗಿದ ಮೇಲೆ ಅದು ಅವರದು. ಮನೆಯವರು ಅದರ ಕಾವಲುಗಾರರು ಅಷ್ಟೆ.

ಒಂದು ಮುಂಗಾಲಿನ ಮೇಲೆ ಕೈಯಿಟ್ಟು ಅಲ್ಹಾಜ “ಇಯಾ ಅವಾವು!” ಎಂದು ಕೂಗಿದರು.

ಇಯಾ ಅವಾವು ಗುಡ್ಡದ ಆಚೆ ಮಗ್ಗುಲಲ್ಲಿ ಒಂಟಿ ಕೋಣೆಯಲ್ಲಿದ್ದ ಮುದುಕಿ. ಅವಳ ಗಂಡ ಬದುಕಿದ್ದಾಗ ಈ ಮನೆಯ ಟಗರುಗಳ ಚರ್ಮ ಸುಲಿಯುತ್ತಿದ್ದ. ಅವನು ಹೋಗಿ ಎಷ್ಟೋ ಕಾಲವಾಗಿದ್ದರೂ ಪಾಲು ನಿಂತಿರಲಿಲ್ಲ. ಪ್ರತಿ ಹಬ್ಬಕ್ಕೂ ಮಧ್ಯಾಹ್ನದೊಳಗೆ ಅವಳೇ ಬಂದು, ಪಾಲು ತೆಗೆದುಕೊಂಡು, ಹೊಸ್ತಿಲಲ್ಲಿ ನಿಂತು ಮನೆಯವರಿಗೆಲ್ಲ ಉದ್ದನೆಯ ಹರಕೆ ಹರಸಿ ಹೋಗುವುದು ರೂಢಿ.

ಆ ಭಾನುವಾರ ಬರಲಿಲ್ಲ. ಉಳಿದ ಪಾಲುಗಳೆಲ್ಲ ಓಣಿಯ ಹೆಣ್ಣುಮಕ್ಕಳ ಕೈಯಲ್ಲಿ ಹೋದವು. ಗುಡ್ಡ ಹತ್ತಿ ಇಳಿದು ಅಷ್ಟು ದೂರ ಯಾರೂ ಹೋಗಲೊಲ್ಲರು. ಸಂಜೆಯಾಗುತ್ತಲೇ ಸಿಲಿಫಾ ಆ ಮುಂಗಾಲನ್ನು ತುಂಡು ಮಾಡಿ, ಒರೆಸಿ, ಚೀಲಕ್ಕೆ ಹಾಕಿ, ಗಾಳಿ ಹಿಂಡಿ ಗಂಟು ಹಾಕಿದಳು. ನಾಳೆ ಕಳಿಸಿದರಾಯಿತು ಅಂದುಕೊಂಡಳು. ಪಟ್ಟಿ ಅಂಟಿಸಿ ಪೆನ್ನು ತೆಗೆದವಳ ಕೈ ಯಾಕೋ ಅಲ್ಲೇ ನಿಂತಿತು.

ಹೆಸರಿಡುವ ದಿನಕ್ಕೆ ಇನ್ನೊಂದೇ ತಿಂಗಳು. ಅಷ್ಟರಲ್ಲಿ ಈ ಮನೆಯ ಮಾಂಸವೆಲ್ಲ ತೀರಿರುತ್ತದೆ. ಆ ದಿನಕ್ಕೆಂದು ಈಗಲೇ ಏನಾದರೂ ಇಟ್ಟರೆ, ಆ ದಿನವೂ ಬರಲೇಬೇಕಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ಹೋದ ಸಲ ಏನೂ ಇಟ್ಟಿರಲಿಲ್ಲ. ಅಡುಗೆಯಿಲ್ಲದ ಮನೆಗೆ ಅತಿಥಿ ಬಾರದಂತೆ ಆ ದಿನವೂ ಬಾರದೆ ಹೋಯಿತಲ್ಲ.

ಪಟ್ಟಿಯ ಮೇಲೆ ಏನೂ ಬರೆಯದೆ, ಚೀಲವನ್ನು ಎಲ್ಲಕ್ಕಿಂತ ಕೆಳಗೆ ತಳ್ಳಿದಳು.

ಮಂಗಳವಾರ ಮಟಮಟ ಮಧ್ಯಾಹ್ನ ಅಲ್ಹಾಜ ನಿದ್ದೆ ಹೋಗಿದ್ದಾಗ ಮುದುಕಿ ಬಂದಳು. ಅಂಗಳದ ಬಾಗಿಲಾಚೆ, ಬಿಸಿಲಿನಲ್ಲಿ ನಿಂತಿದ್ದಳು. ತಲೆಗೆ ಬಿಳಿಯ ಬಟ್ಟೆ ಬಿಗಿಯಾಗಿ ಸುತ್ತಿತ್ತು.

“ಒಳಗೆ ಬನ್ನಿ ಇಯಾ, ಬಿಸಿಲು,” ಎಂದು ಸಿಲಿಫಾ ಮಂಡಿಯೂರಿ ನಮಸ್ಕರಿಸಿದಳು.

“ಬೇಡ ಮಗಳೇ. ನನ್ನ ಪಾಲು ಇದೆಯಲ್ಲ?”

“ಯಾರು ಹೇಳಿದ್ರು ನಿಮಗೆ?”

“ನನ್ನ ಕೂಗಿದ್ದು ಕೇಳಿಸ್ತು.”

ಗುಡ್ಡದಾಚೆಗೆ ಕೇಳಿಸುವಷ್ಟು ಅಲ್ಹಾಜ ಕೂಗಿರಲಿಲ್ಲ. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಸಿಲಿಫಾ ನಕ್ಕಳು. ನಕ್ಕ ಬಾಯಲ್ಲೇ ಸುಳ್ಳೂ ಬಂತು.

“ಅಯ್ಯೋ, ಇಟ್ಟಿದೀನಿ ಇಯಾ. ಆದ್ರೆ ಕಲ್ಲಾಗ್ಬಿಟ್ಟಿದೆ. ಎಲ್ಲಾದಕ್ಕಿಂತ ತಳದಲ್ಲಿ ಸಿಕ್ಕೊಂಡಿದೆ, ಕೊಡಲಿ ತಂದ್ರೂ ಏಳಲ್ಲ. ಕರಗಿದ ಮೇಲೆ ಬನ್ನಿ.”

“ಯಾವಾಗ ಕರಗುತ್ತೆ?”

“ಕರೆಂಟು ಯಾವಾಗ ಹೋಗುತ್ತೆ ಅಂತ ಕರೆಂಟಿನೋರನ್ನೇ ಕೇಳ್ಬೇಕು.”

ಮುದುಕಿ ನಗಲಿಲ್ಲ. ಸಿಲಿಫಾಳ ಹೊಟ್ಟೆಯನ್ನು ನೋಡಿದಳು. ಯಾರೋ ಪರಿಚಯದವರನ್ನು ನೋಡುವಂತೆ ನೋಡಿದಳು.

“ಆಗ್ಲಿ ಮಗಳೇ. ಕರಗಿದ ಮೇಲೆ ಬರ್ತೀನಿ.”

ಹರಸದೆ ಹೋದಳು. ಅದೊಂದು ಮಾತ್ರ ಸಿಲಿಫಾಳ ಮನಸ್ಸಿಗೆ ಚುಚ್ಚಿತು.

ಆ ವಾರ ಕರೆಂಟು ಹೋಗಲೇ ಇಲ್ಲ. ಅಂಥದ್ದು ಓಣಿಯ ನೆನಪಿನಲ್ಲೇ ಇರಲಿಲ್ಲ. ಜನರೇಟರಿಗೆಂದು ತಂದಿಟ್ಟ ಪೆಟ್ರೋಲು ಹಾಗೇ ಉಳಿಯಿತು; ಜನ ಬಲ್ಬಿನ ಕಡೆ ಅನುಮಾನದಿಂದ ನೋಡತೊಡಗಿದರು.

ಬುಧವಾರ ಸಿಲಿಫಾ ಗೊಜ್ಜಿನ ಡಬ್ಬಿ ತೆಗೆಯಲು ಬಗ್ಗಿದಳು. ಡಬ್ಬಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಬಿಡಿಸುವಾಗ ಕೈ ತಳಕ್ಕೆ ಜಾರಿ ಯಾವುದೋ ಮೆತ್ತಗಿನದಕ್ಕೆ ತಗುಲಿತು. ಸೊಂಟ ಹಿಡಿದುಕೊಂಡು ಮೇಲಿನದನ್ನೆಲ್ಲ ತೆಗೆದು ನೋಡಿದಳು. ಏನೂ ಬರೆಯದ ಪಟ್ಟಿಯ ಆ ಚೀಲ. ಬೆರಳು ಒತ್ತಿದರೆ ಮಾಂಸ ತಗ್ಗಿ ಮತ್ತೆ ಏಳುತ್ತಿತ್ತು. ಪಕ್ಕದ ಚೀಲವನ್ನು ತಟ್ಟಿದಳು, ಇಟ್ಟಿಗೆಯ ಸದ್ದು. ಇನ್ನೊಂದು ಪಕ್ಕದ ಮೀನು, ಕಟ್ಟಿಗೆ.

ಗಾಳಿ ಉಳಿದಿರಬೇಕು, ಶೀತ ಒಳಗೆ ಹೋಗಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಚೀಲ ಬಿಚ್ಚಿ ಮೂಸಿದಳು. ವಾಸನೆಯಿಲ್ಲ. ಮತ್ತೆ ಗಾಳಿ ಹಿಂಡಿ ಕಟ್ಟಿ, ಗೋಡೆಯ ಮೇಲೆ ಮಂಜು ಬೆರಳುದ್ದ ಬೆಳೆದಿದ್ದ ಕಡೆ ಒತ್ತಿ ಇಟ್ಟಳು.

ಗುರುವಾರ ನೋಡಿದಾಗ ಗೋಡೆಯ ಮಂಜಿನಲ್ಲಿ ಒಂದು ಗುಳಿ ಬಿದ್ದಿತ್ತು. ಚೀಲದಷ್ಟೇ ಅಗಲ, ಚೀಲದಷ್ಟೇ ಆಳ. ಹಕ್ಕಿ ತನ್ನ ಮೈಯ ಅಳತೆಗೆ ಗೂಡು ಮಾಡಿಕೊಂಡಂತೆ, ಚೀಲ ಅದರೊಳಗೆ ಕೂತಿತ್ತು. ಮುಟ್ಟಿದಳು. ಬೆಚ್ಚಗಿತ್ತು. ಭಾನುವಾರ ಬೆಳಿಗ್ಗೆ ತಟ್ಟೆಗೆ ಬಿದ್ದಾಗ ಇದ್ದ ಬಿಸುಪು, ಚರ್ಮ ಬಿಟ್ಟು ಈಗಷ್ಟೇ ಬಂದ ಮಾಂಸದ ಬಿಸುಪು. ಬಣ್ಣ ಮಾಸಿರಲಿಲ್ಲ. ಒಂದು ಹನಿ ನೀರೂ ಬಿಟ್ಟಿರಲಿಲ್ಲ.

ಮುಚ್ಚಳ ಹಾಕಿ, ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿದಳು. ಕರಗಿದ ಮೇಲೆ ಬನ್ನಿ ಎಂದು ತಾನೇ ಹೇಳಿದ್ದು ನೆನಪಾಯಿತು. ಆ ದಿನವೆಲ್ಲ ಅಂಗಳದ ಬಾಗಿಲ ಕಡೆ ಬೆನ್ನು ಮಾಡಿ ಕೂರಲಾಗಲಿಲ್ಲ. ಹೊಟ್ಟೆಯ ಮಗು ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತು ಒದ್ದಾಡುತ್ತಿತ್ತು. ಅಂದು ಸುಮ್ಮನಿತ್ತು, ಬಾಗಿಲ ಹಿಂದೆ ನಿಂತು ಯಾರದೋ ಮಾತು ಕೇಳಿಸಿಕೊಳ್ಳುವ ಹಾಗೆ.

ಶುಕ್ರವಾರ ಮಸೀದಿಯಿಂದ ಬಂದ ಅಲ್ಹಾಜ ಫ್ರೀಜರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಕಣ್ಣು ಹೋದಷ್ಟೂ ಅವರ ಕಿವಿ ಚುರುಕಾಗಿತ್ತು.

“ಇಯಾವೊ, ಇದರ ಮೋಟರ್ ಯಾರಿಗಾದ್ರೂ ತೋರಿಸ್ಬೇಕು ಕಣೇ. ಒಳಗೆ ಯಾರೋ ಉಸಿರಾಡ್ತಾ ಇರೋ ಹಂಗೆ ಕೇಳುತ್ತೆ.”

ಸಿಲಿಫಾ ಬೀಗದ ಕೈಯನ್ನು ಸೊಂಟದ ಗಂಟಿಗೆ ಇನ್ನಷ್ಟು ಆಳಕ್ಕೆ ಸಿಕ್ಕಿಸಿಕೊಂಡಳು.

“ಇಯಾ ಅವಾವು ಪಾಲು ಕಳಿಸಿದ್ಯಾ?”

“ಕಳಿಸಿದೆ ಅಲ್ಹಾಜ.”

“ಮತ್ತೆ ಬರಲೇ ಇಲ್ವಲ್ಲ? ಪಾಲು ಮುಟ್ಟಿದ ದಿನಾನೇ ಬಂದು, ನಮ್ಮ ಮನೆ ಇಲಿಗೂ ಆಯುಸ್ಸು ಬೇಡ್ಕೊಂಡು ಹೋಗೋಳು. ಹುಷಾರಿಲ್ವೇನೋ. ಯಾರ ಕೈಲಿ ಕಳಿಸಿದೆ?”

“ಓಣಿ ಹುಡುಗೀರ ಕೈಲಿ.”

ಅಲ್ಹಾಜ ಹೂಂ ಎಂದರು. ಜಪಮಣಿ ಬೆರಳಿನಿಂದ ಬೆರಳಿಗೆ ಸರಿಯಿತು. ಅವರ ತುಟಿಯ ಮೇಲಿನ ದೇವವಾಕ್ಯ ಒಂದು ಸಾಲಿನಿಂದ ಇನ್ನೊಂದಕ್ಕೆ ಹರಿಯುತ್ತಿತ್ತು. ಬಾಲ್ಯದಿಂದ ಕೇಳಿದ ಆ ಸಾಲುಗಳು ಸಿಲಿಫಾಳಿಗೆ ಹಾಸಿಗೆಯಷ್ಟು ಸುಖ ಕೊಡುತ್ತಿದ್ದವು. ಇವತ್ತು ಪ್ರತಿ ಸಾಲಿನ ಕೊನೆಗೂ ಫ್ರೀಜರಿನ ಉಸಿರು ಬಂದು ಕೂಡುತ್ತಿತ್ತು.

ಶನಿವಾರ ಬೆಳಿಗ್ಗೆ, ಮಗುವಿಗೆ ಬಟ್ಟೆ ತರುತ್ತೇನೆಂದು ಹೇಳಿ ಸಿಲಿಫಾ ಹೊರಟಳು. ಚೀಲವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಿದ್ದಳು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನಾಲ್ವರ ನಡುವೆ ಒತ್ತಿಕೊಂಡು ಕೂತಾಗ ಬುಟ್ಟಿ ತೊಡೆಯ ಮೇಲಿತ್ತು. ಬಿಸುಪು ಸೊಂಟಕ್ಕೆ ಸುತ್ತಿದ ಬಟ್ಟೆಯನ್ನು ದಾಟಿ ಮೈಗೆ ಬರುತ್ತಿತ್ತು. ಪಕ್ಕದ ಹೆಂಗಸು ಬುಟ್ಟಿಯ ಕಡೆ ಮೂಗು ಚಾಚಿ, “ಏನು ತಂಗಿ, ಈಗಷ್ಟೇ ಇಳಿಸಿದ ಅಡುಗೆಯಾ?” ಎಂದಳು. “ಹೂಂ ಅಕ್ಕ,” ಎಂದಳು ಸಿಲಿಫಾ. ಕೊಟ್ಟುಬಿಟ್ಟರೆ ಮುಗಿಯಿತು. ಮಗು ಬರುವ ಮನೆಯಲ್ಲಿ ಇನ್ನೊಬ್ಬರದು ಏನೂ ಉಳಿಯಬಾರದು. ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಇಯಾ ಅವಾವಿನ ಕೋಣೆಗೆ ಬೀಗ ಬಿದ್ದಿತ್ತು. ಎದುರಿನ ಕಟ್ಟೆಯಲ್ಲಿ ಅಲಸಂದೆ ವಡೆ ಕರಿಯುತ್ತಿದ್ದ ಹೆಂಗಸು ಜಾಲರಿ ಸೌಟು ಎತ್ತಿ ಹಿಡಿದು ಇವಳನ್ನು ಮೇಲಿಂದ ಕೆಳಗೆ ನೋಡಿದಳು.

“ಯಾರು ಬೇಕಿತ್ತು?”

“ಇಯಾ ಅವಾವು. ಪಾಲು ತಂದಿದ್ದೆ.”

“ಓಹೋ, ಪಾಲಾ! ಈಗ ಬಂತು ನೋಡು. ಮುದುಕಿ ಭಾನುವಾರ ಬೆಳಗಿನ ಜಾವಾನೇ ಹೋಯ್ತಲ್ಲ ತಾಯಿ. ಹಬ್ಬದ ನಮಾಜಿಗೂ ಮುಂಚೆ.”

ಭಾನುವಾರ ಅಲ್ಹಾಜ ಹೆಸರು ಕೂಗಿದ್ದು ನಮಾಜು ಮುಗಿದು, ಟಗರು ಬಿದ್ದು, ಬಿಸಿಲೇರಿದ ಮೇಲೆ.

“ಮಂಗಳವಾರ...” ಎಂದಳು ಸಿಲಿಫಾ.

“ಮಂಗಳವಾರ ಯಾಕೆ, ಭಾನುವಾರಾನೇ ಮಣ್ಣು ಮಾಡಿದ್ರು. ಎಲ್ರ ಮನೇಲೂ ಟಗರಿನ ಗಲಾಟೆ. ಮಸೀದಿಯಿಂದ ನಾಲ್ಕು ಗಂಡಸ್ರು ಬಂದ್ರು, ಅದೂ ನಾನು ಹೋಗಿ ಬೈದಿದ್ದಕ್ಕೆ. ನಾಳೆಗೆ ಎಂಟನೇ ದಿನ. ಮಸೀದಿ ಗುರುಗಳು, ನಮ್ಮ ಅಲ್ಫಾ, ಬಂದು ಪ್ರಾರ್ಥನೆ ಓದ್ತೀನಿ ಅಂದಿದಾರೆ. ಓದಿದೋರಿಗೆ ಊಟ ಹಾಕೋರು ಯಾರು? ನಾನು ವಡೆ ಕೊಡಬಹುದು. ನಾಲ್ಕು ವಡೆ ತಿಂದು ಯಾರು ತಾನೇ ಮನಸಾರೆ ಬೇಡ್ಕೊಳ್ತಾರೆ ಹೇಳು? ಕೂತ್ಕೋ ತಾಯಿ, ಮುಖ ಬಿಳಿಚ್ಕೊಂಡಿದೆ. ದಿನ ತುಂಬಿದೆಯಾ?”

“ಇಲ್ಲ ಅಕ್ಕ,” ಎಂದು ಸಿಲಿಫಾ ಬಂದ ದಾರಿಗೆ ತಿರುಗಿದಳು. ಬುಟ್ಟಿ ಬರುವಾಗ ಇದ್ದದ್ದಕ್ಕಿಂತ ಭಾರವಾಗಿತ್ತು.

ಮನೆಗೆ ಬಂದವಳೇ ಅಲ್ಹಾಜರ ಮುಂದೆ ಎರಡೂ ಮಂಡಿಯೂರಿದಳು. ಹೇಳಿದ್ದನ್ನೂ ಹೇಳದೆ ಇದ್ದದ್ದನ್ನೂ, ಮಂಗಳವಾರ ಬಂದು ನಿಂತವಳನ್ನೂ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಬುಟ್ಟಿಯನ್ನು ಮುಂದೆ ಸರಿಸಿದಳು. ಅಲ್ಹಾಜ ಪತ್ರಿಕೆ ಬಿಡಿಸಿ ಚೀಲದ ಮೇಲೆ ಅಂಗೈಯಿಟ್ಟರು. ತುಂಬ ಹೊತ್ತು ತೆಗೆಯಲಿಲ್ಲ. ಬೆಕ್ಕಿನ ಬೆನ್ನು ಸವರುವವರಂತೆ ಅವರ ಹೆಬ್ಬೆರಳು ಮಾತ್ರ ಆಡುತ್ತಿತ್ತು.

“ಕೊಯ್ದು ಎಷ್ಟು ದಿನ ಆಯ್ತು?”

“ಇವತ್ತಿಗೆ ಆರು ದಿನ.”

“ಯಾಕೆ ಇಟ್ಕೊಂಡೆ? ಈ ಮನೇಲಿ ನಿನಗೆ ಹೊಟ್ಟೆಗೆ ಕಮ್ಮಿ ಮಾಡಿದ್ದೆನಾ?”

“ಹೆಸರಿಡೋ ದಿನಕ್ಕೆ ಅಂತ.”

ಅಲ್ಹಾಜ ಬೈಯುತ್ತಾರೆಂದು ಅವಳು ಕುತ್ತಿಗೆ ತಗ್ಗಿಸಿ ಕಾದಳು. ಬೈದಿದ್ದರೆ ಚೆನ್ನಾಗಿತ್ತು.

“ಮುಂಚೆ ಈ ಪೆಟ್ಟಿಗೆ ಇರಲಿಲ್ಲ ಕಣೇ,” ಎಂದರು ಕೊನೆಗೆ. “ಕೊಯ್ದ ದಿನಾನೇ ಹಂಚಿಬಿಡಬೇಕಾಗಿತ್ತು. ಇಟ್ಕೊಂಡ್ರೆ ಸಂಜೆಗೆ ನಾರೋದು. ನಾವೇನು ಪುಣ್ಯವಂತರಾಗಿರಲಿಲ್ಲ, ಇಡೋಕೆ ಜಾಗ ಇರಲಿಲ್ಲ ಅಷ್ಟೆ. ಏಳು. ನಾಳೆ ನಾವೇ ಹೋಗಿ ಅವಳ ಬಾಗಿಲಲ್ಲಿ ಒಲೆ ಹೂಡೋಣ.”

“ಅಲ್ಲಿವರೆಗೆ ಇದನ್ನ ಎಲ್ಲಿಡಲಿ?”

“ಎಲ್ಲಿ ಬಚ್ಚಿಟ್ಟಿದ್ಯೋ ಅಲ್ಲೇ. ಬೀಗ ಮಾತ್ರ ಹಾಕಬೇಡ.”

ಭಾನುವಾರ ಬೆಳಗ್ಗೆಯೇ ಇಬ್ಬರೂ ಗುಡ್ಡದಾಚೆ ಇಳಿದರು. ಅಕ್ಕಿ, ಈರುಳ್ಳಿ, ಎರಡು ಡಬ್ಬಿ ಮೆಣಸಿನ ಗೊಜ್ಜು, ಮನೆಯ ಪಾಲಿನಿಂದ ಎರಡು ಚೀಲ ಮಾಂಸ, ಮತ್ತು ಆ ಚೀಲ. ವಡೆಯ ಹೆಂಗಸು ಕೋಣೆಯ ಬೀಗ ತೆಗೆಸಿ ಚಾಪೆ ಹಾಸಿದ್ದಳು. ಹಿತ್ತಿಲಿನ ಕಿಟಕಿಯ ಕೆಳಗೆ ಮೂರು ಕಲ್ಲಿಟ್ಟು ಸಿಲಿಫಾ ಒಲೆ ಹೊತ್ತಿಸಿದಳು. ಗೊಜ್ಜು ಕರಗಿ ಕುದಿ ಬಂತು. ಮಾಂಸವೆಲ್ಲವನ್ನೂ ಒಟ್ಟಿಗೆ ಬಿಟ್ಟಳು.

ಒಂದು ಗಂಟೆ ಕುದಿಯಿತು. ಮನೆಯ ಪಾಲಿನ ತುಂಡುಗಳು ಮೆತ್ತಗಾಗಿ ಮೂಳೆ ಬಿಟ್ಟವು. ಮುಂಗಾಲಿನ ತುಂಡುಗಳು ಮಾತ್ರ ಹಾಕಿದ ಹಾಗೆಯೇ ಇದ್ದವು. ಸೌಟಿನಿಂದ ಒಂದನ್ನೆತ್ತಿ ಚಾಕು ಚುಚ್ಚಿದಳು, ಇಳಿಯಲಿಲ್ಲ. ಬೆರಳಲ್ಲಿ ಮುಟ್ಟಿದವಳು ಕೈ ಹಿಂದಕ್ಕೆಳೆದಳು. ಸುಟ್ಟದ್ದಕ್ಕಲ್ಲ. ಕುದಿಯುವ ಸಾರಿನಿಂದ ಬಂದ ಆ ತುಂಡು ಮಂಜಿನ ಗಡ್ಡೆಯಷ್ಟು ತಣ್ಣಗಿತ್ತು. ಮಂಜಿನಲ್ಲಿಟ್ಟರೆ ಬಿಸಿ, ಬೆಂಕಿಗಿಟ್ಟರೆ ಶೀತ; ಇದನ್ನು ಎಲ್ಲಿಡುವುದು, ಯಾರಿಗಿಡುವುದು? ಸೌದೆ ಒಟ್ಟಿದಳು. ಊದಿದಳು. ಹೊಗೆಗೋ ಭಯಕ್ಕೋ ಕಣ್ಣಲ್ಲಿ ನೀರು.

ಒಳಗೆ ಜನ ಸೇರಿದರು. ಹೆಚ್ಚಿಲ್ಲ, ಒಂಬತ್ತೋ ಹತ್ತೋ. ಓದುವ ಅಲ್ಫಾ ಬಂದು ಕೂತು ಗಂಟಲು ಸರಿಮಾಡಿಕೊಂಡದ್ದು ಕಿಟಕಿಯಿಂದ ಕೇಳಿತು.

“ತೀರಿಹೋದ ತಾಯಿಯ ಹೆಸರು ಹೇಳಿ. ಯಾರ ಪರವಾಗಿ ಬೇಡ್ಕೋಬೇಕು?”

“ಇಯಾ ಅವಾವು,” ಎಂದಳು ವಡೆಯವಳು.

“ಅದು ಮಗಳ ಹೆಸರಾಯ್ತಲ್ಲಮ್ಮ. ಮಗಳೆಲ್ಲಿ?”

“ಅಂಬೆಗಾಲಿಡೋವಾಗ್ಲೇ ಹೋಯ್ತಂತೆ, ಐವತ್ತು ವರ್ಷದ ಹಿಂದೆ. ಅದರ ಹೆಸರಲ್ಲೇ ಕರೀತಿದ್ವಿ.”

“ಅವರ ಸ್ವಂತ ಹೆಸರು?”

ಚಾಪೆ ಸರಿದ ಸದ್ದು. ಆಮೇಲೆ ಅಲ್ಹಾಜರ ದನಿ ಕೇಳಿತು. ಅಷ್ಟು ಸಣ್ಣ ದನಿ ಅವರಿಗಿದೆಯೆಂದು ಸಿಲಿಫಾಳಿಗೆ ಗೊತ್ತಿರಲಿಲ್ಲ.

“ನಲವತ್ತು ವರ್ಷ ಪಾಲು ಕೊಟ್ಟಿದೀನಿ ಅಲ್ಫಾ. ಒಂದು ದಿನ ಕೇಳಲಿಲ್ಲ.”

ಸಿಲಿಫಾ ಕಿಟಕಿಯಿಂದ ಮುಖ ತಿರುಗಿಸಿದಳು. ಒಲೆಯ ಆಚೆ ಬದಿಗೆ, ಬೋರಲು ಹಾಕಿದ್ದ ಒರಳಿನ ಮೇಲೆ ಮುದುಕಿ ಕೂತಿದ್ದಳು. ಬಿಳಿಯ ಬಟ್ಟೆಯ ಅಂಚಿಗೆ ಕೆಂಪು ಮಣ್ಣು ಹತ್ತಿತ್ತು. ಬೆಂಕಿಯ ಕಡೆ ಎರಡೂ ಅಂಗೈ ಚಾಚಿದ್ದಳು, ಚಳಿಯಾದವರಂತೆ. ಹೊಗೆ ಅವಳ ಕಡೆ ತಿರುಗಿದರೂ ಕಣ್ಣು ಮಿಟುಕಿಸಲಿಲ್ಲ.

ಓಡಬೇಕೆನ್ನಿಸಿತು. ಆದರೆ ಹೊಟ್ಟೆಯ ಮೇಲೆ ಕೈಯಡ್ಡ ಇಟ್ಟುಕೊಂಡು, ಕೂತಲ್ಲೇ ಮಂಡಿಯೂರಿದಳು.

“ಕರಗ್ತಾ ಮಗಳೇ?” ಎಂದಳು ಮುದುಕಿ.

“ಕರಗ್ತು ಇಯಾ. ಆದ್ರೆ ಬೇಯ್ತಾ ಇಲ್ಲ.”

“ಕೂಗಿದ್ದು ನನ್ನನ್ನಲ್ಲ ಅಲ್ವಾ. ನನ್ನ ಮಗೂನ ಕೂಗಿದ್ರು. ನಾನು 'ನನ್ನೇ' ಅನ್ಕೊಂಡು ಬಂದ್ಬಿಟ್ಟೆ. ಅಭ್ಯಾಸ.”

ಸಿಲಿಫಾ ಕೇಳಿದಳು. ಎಂಟು ದಿನದಲ್ಲಿ ಯಾರೂ ಕೇಳದ್ದನ್ನು, ನಲವತ್ತು ವರ್ಷದಲ್ಲಿ ಯಾರೂ ಕೇಳದ್ದನ್ನು ಕೇಳಿದಳು.

“ನಿಮ್ಮ ಹೆಸರೇನು ಅಮ್ಮಾ?”

ಮಡಿಸಿಟ್ಟು ಎಷ್ಟೋ ಕಾಲವಾದ ಬಟ್ಟೆಯನ್ನು ಬಿಡಿಸುವಾಗ ಹರಿದೀತೆಂದು ನಿಧಾನ ಮಾಡುವವರ ಹಾಗೆ, ಮುದುಕಿ ತುಟಿಯಲ್ಲಿ ಒಂದೆರಡು ಸಲ ಹೇಳಿ ನೋಡಿಕೊಂಡಳು.

“ಅಪ್ಪ ಇಟ್ಟಿದ್ದು ರಬಿಯಾತು. ಅಮ್ಮ ಮುದ್ದಿಗೆ ಅಶಾಕೆ ಅನ್ನೋಳು. ಎರಡೂ ಹೇಳು ಮಗಳೇ. ಯಾವುದರಿಂದ ಕರೀತಾರೋ ಗೊತ್ತಿಲ್ಲ ಅಲ್ಲಿ.”

ಸಿಲಿಫಾ ಎದ್ದು ಗೋಡೆ ಹಿಡಿದುಕೊಂಡು ಕೋಣೆಯ ಬಾಗಿಲಿಗೆ ಬಂದಳು. ಎಲ್ಲರೂ ತಲೆಯೆತ್ತಿದರು.

“ರಬಿಯಾತು,” ಎಂದಳು. “ಮನೆಯಲ್ಲಿ ಅಶಾಕೆ.”

“ನಿನಗ್ಯಾರು ಹೇಳಿದ್ರು ತಾಯಿ?” ಎಂದಳು ವಡೆಯವಳು. “ಹದಿನೆಂಟು ವರ್ಷ ಎದುರುಬದುರು ಇದ್ದೆ, ನಂಗೇ ಗೊತ್ತಿಲ್ಲ!”

“ಒಲೆ ಹತ್ತಿರ ಕೂತಿದಾರೆ,” ಎಂದಳು ಸಿಲಿಫಾ.

ಯಾರೂ ಕಿಟಕಿಯ ಕಡೆ ತಿರುಗಲಿಲ್ಲ. ಅಲ್ಫಾ ಅವಳ ಮುಖ ನೋಡಿದರು, ಹೊಟ್ಟೆ ನೋಡಿದರು, ಆಮೇಲೆ ಕಣ್ಣು ಮುಚ್ಚಿ ಎರಡೂ ಹೆಸರು ಹೇಳಿ ಓದಲು ಶುರುಮಾಡಿದರು. ದನಿ ಒಂದೊಂದೇ ಮೆಟ್ಟಿಲು ಏರಿತು, ಏರಿದಲ್ಲಿ ನಿಂತಿತು, ಇಳಿಯಿತು. ಒಬ್ಬೊಬ್ಬರಾಗಿ ಎಲ್ಲರ ದನಿಯೂ ಅದರ ಹಿಂದೆ ಹೊರಟಿತು. ಅಲ್ಹಾಜರ ಒಡಕು ದನಿ ಎಲ್ಲಕ್ಕಿಂತ ಹಿಂದೆ.

ಅವಳು ಹಿತ್ತಿಲಿಗೆ ಬಂದಾಗ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಚಾಕು ಚುಚ್ಚಿದಳು, ಬೆಣ್ಣೆಗೆ ಇಳಿದಂತೆ ಇಳಿಯಿತು. ತುಂಡಿನಿಂದ ಹಬೆ ಎದ್ದಿತು. ಒಂದು ತಟ್ಟೆಗೆ ಅನ್ನ ಹಾಕಿ, ಮುಂಗಾಲಿನ ಒಳ್ಳೆಯ ತುಂಡನ್ನೇ ಆರಿಸಿ, ಎರಡೂ ಕೈಯಲ್ಲಿ ಹಿಡಿದು ಒರಳಿನ ಕಡೆ ಚಾಚಿದಳು. ಮುದುಕಿ ಅಲ್ಲೇ ಇದ್ದಳು. ಅವಳ ಬೆನ್ನ ಹಿಂದಿನ ಗೋಡೆಯ ಬಿರುಕು ಅವಳ ಮೂಲಕ ಕಾಣುತ್ತಿತ್ತೋ, ಹೊಗೆಯಲ್ಲಿ ಹಾಗೆ ಕಂಡಿತೋ.

“ತಗೊಳ್ಳಿ. ನಿಮ್ಮ ಪಾಲು.”

ಮುದುಕಿ ತಟ್ಟೆಯ ಮೇಲೆ ಬಗ್ಗಿ ಹಬೆಯನ್ನು ಮಾತ್ರ ಒಳಗೆ ಎಳೆದುಕೊಂಡಳು, ದೀರ್ಘವಾಗಿ.

“ಉಪ್ಪು ಸರಿಯಾಗಿದೆ. ಒಳಗಿರೋರಿಗೆ ಕೊಡು.”

“ಇಯಾ...” ಎಂದಳು ಸಿಲಿಫಾ. ಕ್ಷಮಿಸಿ ಎನ್ನಬೇಕೆಂದಿದ್ದಳು. ಬಂದದ್ದು ಬೇರೆ. “ನನ್ನ ಮಗು ಮೂರು ದಿನದಿಂದ ಅಲ್ಲಾಡಿಲ್ಲ.”

ಮುದುಕಿ ಹಿಂದೊಮ್ಮೆ ನೋಡಿದಂತೆಯೇ ಅವಳ ಹೊಟ್ಟೆಯನ್ನು ನೋಡಿದಳು. ಎದ್ದು ನಿಂತು, ಬಿಳಿಯ ಬಟ್ಟೆ ಕೊಡವಿಕೊಂಡಳು. ಮಣ್ಣು ಉದುರಿತು.

“ಹೆಸರಿಡೋ ದಿನ ನನಗೆ ಅಂತ ಪಾಲು ತೆಗೀಬೇಡ ಮಗಳೇ,” ಎಂದಳು. “ಅಷ್ಟು ಹೊತ್ತಿಗೆ ನಾನು ದೂರ ಹೋಗಿರ್ತೀನಿ.”

ಹಿತ್ತಿಲ ಬೇಲಿಯ ಕಡೆ ನಡೆದಳು. ಬೇಲಿಗೆ ಬಾಗಿಲಿರಲಿಲ್ಲ. ಅದರಿಂದ ಅವಳಿಗೇನೂ ತೊಂದರೆಯಾಗಲಿಲ್ಲ.

ಸಿಲಿಫಾ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಹೆಸರಿಡುವ ದಿನ, ಎಂದಿದ್ದಳು ಮುದುಕಿ; ಬರುವ ಬುಧವಾರ ಬಂದೇ ಬರುತ್ತದೆ ಎಂದಷ್ಟೇ ಸಲೀಸಾಗಿ. ಸೊಂಟದಿಂದ ಹೊರಟ ಹೆರಿಗೆ ನೋವಿನ ಮೊದಲ ಬಿಗಿ ನಿಧಾನವಾಗಿ ಮುಂದಕ್ಕೆ ಬಂದು ಹೊಟ್ಟೆಯನ್ನು ಸುತ್ತಿತು. ಗೋಡೆಗೆ ಹಣೆಯೊತ್ತಿ, ಅದು ಬಂದ ದಾರಿಯಲ್ಲೇ ಹೋಗುವವರೆಗೆ ಉಸಿರು ಹಿಡಿದಳು.

ಕಿಟಕಿಯೊಳಗೆ ಓದು ಮುಗಿದಿತ್ತು. ಅಲ್ಹಾಜ ಕೂಗಿದರು.

“ಇಯಾವೊ! ತಟ್ಟೆ ಎಷ್ಟು ಬೇಕು, ತೊಳೆಸ್ತೀನಿ.”

“ಒಳಗಿರೋರಿಗೆ ಆದ್ರೆ ಸಾಕು ಅಲ್ಹಾಜ,” ಎಂದಳು ಸಿಲಿಫಾ. “ಹೊರಗೆ ಯಾರೂ ಇಲ್ಲ.”